ಆರನೇ ಬಾಗಿಲು

ಲತಾಮಣಿ ತನ್ನ ಇಪ್ಪತ್ತಾರು ವರ್ಷದ ಬದುಕಿನಲ್ಲಿ ಹೇಳಿದ ಸುಳ್ಳುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಅಚ್ಚಾದದ್ದು ಒಂದೇ. ಆದರೆ ಅದು ಎಂಟು ಸಾವಿರ ಪ್ರತಿ ಅಚ್ಚಾಯಿತು.

ಅರಸೀಕೆರೆಯಿಂದ ಹೊರಡುವ ‘ಜೇನುಕಲ್ಲು ವಾರ್ತೆ’ ಪತ್ರಿಕೆಯಲ್ಲಿ ಪ್ರತಿ ಭಾನುವಾರ ‘ಮೌಸ್ ಹಿಡಿದು’ ಎಂಬ ಅಂಕಣ ಬರುತ್ತಿತ್ತು. ಕಂಪ್ಯೂಟರ್ ಆಟಗಳನ್ನು ಆಡಿ, ಹೇಗಿವೆ ಎಂದು ಬರೆಯುವ ಅಂಕಣ. ಹಾಸನ ಜಿಲ್ಲೆಯಲ್ಲಿ ಇಂಥ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದವಳು ಬಹುಶಃ ಲತಾಮಣಿ ಒಬ್ಬಳೇ. ಅವಳ ಅಪ್ಪ ಶಿವಯ್ಯ ರೈಲ್ವೆಯವರು. ಮಗಳಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಪೇಪರಿನಲ್ಲಿದ್ದಾಳೆ’ ಎಂದು ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದರು. ದಿನವಿಡೀ ಕೂತು ಆಟ ಆಡುವುದಕ್ಕೆ ಸಂಬಳ ಕೊಡುತ್ತಾರೆಂದರೆ ನಂಬುವವರಾದರೂ ಯಾರು?

ಎರಡು ಸಾವಿರದ ನಾಲ್ಕನೆಯ ಇಸವಿಯ ಜುಲೈನಲ್ಲಿ ಬೆಂಗಳೂರಿನ ‘ಮುತ್ತುಗ ಸಾಫ್ಟ್‌ವೇರ್ಸ್’ ಎಂಬ ಕಂಪನಿ ‘ಏಳು ಬಾಗಿಲ ಗುಡಿ’ ಎಂಬ ಆಟದ ಸೀಡಿಯನ್ನು ಪತ್ರಿಕೆಗೆ ಕಳಿಸಿತು. ಶಿಲ್ಪಿಯ ಮಗಳೊಬ್ಬಳು ಅಪ್ಪನ ಕಳೆದುಹೋದ ಉಳಿಯನ್ನು ಹುಡುಕಿಕೊಂಡು ಹೋಗುವ ಕಥೆ. ಮೊದಲ ಮೂರು ಬಾಗಿಲು ಹಳೇಬೀಡಿನಲ್ಲಿ, ಉಳಿದ ನಾಲ್ಕು ಬೇಲೂರಿನಲ್ಲಿ. ಹುಡುಗಿ ಕನ್ನಡ ಮಾತಾಡುತ್ತಾಳೆ, ಕಾವಲುಗಾರ ಕನ್ನಡದಲ್ಲೇ ಬಯ್ಯುತ್ತಾನೆ. ಕಾರು ಓಡಿಸುವ, ಗುಂಡು ಹಾರಿಸುವ ಆಟಗಳನ್ನೇ ನೋಡಿ ಸಾಕಾಗಿದ್ದ ಲತಾಮಣಿಗೆ ಖುಷಿಯೋ ಖುಷಿ. ಸೀಡಿ ಗುರುವಾರ ಬಂತು. ಅಂದೇ ಐದು ಬಾಗಿಲು ತೆರೆದಳು.

ಆರನೆಯದು ತೆರೆಯಲಿಲ್ಲ. ‘ಗುಡಿಗೆ ಮೂರು ಸುತ್ತು ಬಾ, ಬಾಗಿಲು ತೆರೆಯುವುದು’ ಎಂದು ಪರದೆಯ ಮೇಲೆ ಬರೆದಿತ್ತು. ಬೇಲೂರು ಗುಡಿಯ ಜಗತಿಯ ಮೇಲೆ, ಅಂದರೆ ಗುಡಿ ನಿಂತಿರುವ ಆ ಅಗಲ ಕಟ್ಟೆಯ ಮೇಲೆ, ಶಿಲ್ಪಿಯ ಮಗಳನ್ನು ಮೂರು ಸುತ್ತು ನಡೆಸಿದಳು. ಬಾಗಿಲು ಕದಲಲಿಲ್ಲ. ಒಂಬತ್ತು ಸುತ್ತು ನಡೆಸಿದಳು. ಓಡಿಸಿದಳು. ನಿಂತು ನಿಂತು ನಡೆಸಿದಳು. ಶುಕ್ರವಾರ ಸಂಜೆ ಪುಟ ಅಚ್ಚಿಗೆ ಹೋಗಬೇಕಿತ್ತು. ಸೀಡಿಯ ಜೊತೆಗೆ ಕಂಪನಿಯವರು ಕಳಿಸಿದ್ದ ಹಾಳೆಯಲ್ಲಿ ‘ಆರನೇ ಬಾಗಿಲಿನಾಚೆಯ ದೃಶ್ಯ ಮೈ ನವಿರೇಳಿಸುತ್ತದೆ’ ಎಂಬ ಒಂದು ಸಾಲಿತ್ತು. ಬಾಗಿಲು ತೆರೆಯದಿದ್ದದ್ದು ತನ್ನ ಪೆದ್ದುತನ, ಅದನ್ನು ಊರಿಗೆಲ್ಲ ಯಾಕೆ ಸಾರಬೇಕು ಎಂದುಕೊಂಡು ಆ ಸಾಲನ್ನು ಹಾಗೇ ಎತ್ತಿ ತನ್ನ ಅಂಕಣದಲ್ಲಿ ಇಟ್ಟುಬಿಟ್ಟಳು. ಸಂಪಾದಕರು ಮೇಲೊಂದು ಸಾಲು ಸೇರಿಸಿದರು: ‘ಆಡಿ ಮುಗಿಸಿದ ನಮ್ಮ ಪ್ರತಿನಿಧಿಯಿಂದ’. ಅದನ್ನು ಓದಿಯೂ ಅವಳು ಸುಮ್ಮನಿದ್ದಳು.

ಆಮೇಲೆ ಎರಡು ವಾರ ಆ ಗುಡಿಯನ್ನು ಸುತ್ತಿದ್ದೇ ಸುತ್ತಿದ್ದು. ಕಚೇರಿಯ ಕಂಪ್ಯೂಟರಿನಲ್ಲಿ ಅವಳು ಹಾಕಿದ ಪ್ರದಕ್ಷಿಣೆಗಳನ್ನು ನಿಜವಾದ ಗುಡಿಗೆ ಹಾಕಿದ್ದರೆ ಏಳು ತಲೆಮಾರಿಗೆ ಸಾಲುವಷ್ಟು ಪುಣ್ಯ ಬರುತ್ತಿತ್ತು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡು ಗುಡಿಯ ಕಡೆ ತಲೆ ಹಾಕದ ಕುಟುಂಬದ ಹುಡುಗಿಗೆ ಇದೆಂಥ ಕರ್ಮವೋ!

ಅಷ್ಟರಲ್ಲಿ ಬಾಣಾವರದಿಂದ ಒಂದು ಕಾಗದ ಬಂತು. ಬರೆದವರು ಅಲ್ಲಿನ ಪ್ರೌಢಶಾಲೆಯೊಂದರ ವಿಜ್ಞಾನದ ಟೀಚರ್ ಮಂಜುಶ್ರೀ. ಪತ್ರಿಕೆ ಓದಿಯೇ ಅವರು ಶಾಲೆಗೆ ಆ ಸೀಡಿ ತರಿಸಿದ್ದರು. ‘ಲತಾಮಣಿಯವರೇ, ಮಕ್ಕಳು ಐದು ಬಾಗಿಲು ದಾಟಿದ್ದಾರೆ. ಆರನೆಯದು ಯಾರಿಗೂ ಆಗುತ್ತಿಲ್ಲ. ಎಂಟನೇ ತರಗತಿಯಲ್ಲಿ ಮುದ್ದಮ್ಮ ಅಂತ ಒಬ್ಬಳಿದ್ದಾಳೆ, ಅಜ್ಜಿಯ ಹೆಸರು ಇಟ್ಟಿದ್ದಾರೆ. ಓದಿನಲ್ಲಿ ಹಿಂದೆ. ಆದರೆ ಈ ಆಟದ ಐದೂ ಬಾಗಿಲನ್ನು ಎಲ್ಲರಿಗಿಂತ ಮೊದಲು ತೆರೆದವಳು ಅವಳೇ. ಎರಡು ದಿನ ತರಗತಿಯಲ್ಲಿ ತಲೆ ಎತ್ತಿ ಓಡಾಡಿದಳು. ಆರನೆಯದಕ್ಕೆ ಊಟದ ಬಿಡುವಿನಲ್ಲೆಲ್ಲ ಕೂತು, ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡು, ನೂರಾ ಎಂಟು ಸುತ್ತು ಹಾಕಿದ್ದಾಳೆ. ಈಗ ಕಂಪ್ಯೂಟರ್ ಕೋಣೆಗೇ ಬರುತ್ತಿಲ್ಲ. ಪೇಪರಿನ ಅಕ್ಕ ಮುಗಿಸಿದಾರಂತೆ, ನನಗೇ ಬುದ್ಧಿ ಇಲ್ಲ ಅಂತ ಅಳುತ್ತಾಳೆ. ದಯವಿಟ್ಟು ನೀವು ಹೇಗೆ ತೆರೆದಿರಿ ಎಂದು ಒಂದು ಸಾಲು ಬರೆಯಿರಿ.’

ಲತಾಮಣಿ ಆ ಕಾಗದವನ್ನು ಮೂರು ಸಲ ಓದಿದಳು. ಮೂರನೆಯ ಸಲಕ್ಕೆ ಕಣ್ಣು ಮಂಜಾಯಿತು. ತನ್ನ ಒಂದು ಸಾಲು ಬಾಣಾವರದ ಒಂದು ಹುಡುಗಿಯನ್ನು ದಡ್ಡಿ ಮಾಡಿ ಮೂಲೆಗೆ ಕೂರಿಸಿತ್ತು. ನಾಚಿಕೆಯಿಂದ ಅವಳಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸಂಪಾದಕ ಷಡಕ್ಷರಪ್ಪನವರ ಮೇಜಿನ ಮುಂದೆ ಹೋಗಿ ನಿಂತಳು. ಅವರು ಕನ್ನಡಕ ಹಣೆಗೇರಿಸಿಕೊಂಡು ಕರಡು ತಿದ್ದುತ್ತಿದ್ದರು.

‘ಸರ್, ಆ ಗುಡಿ ಆಟದಲ್ಲಿ ಆರನೇ ಬಾಗಿಲು ತೆರೆಯೋದೇ ಇಲ್ಲ ಅನ್ಸುತ್ತೆ. ಕಂಪನಿಯೋರನ್ನ ಕೇಳ್ಬೇಕು.’

‘ಕೇಳು, ಬ್ಯಾಡ ಅಂದೋರ್ಯಾರು? ಬುಧವಾರ ಬೇಲೂರಲ್ಲಿ ಅವರದೇ ಪ್ರೆಸ್ ಮೀಟ್ ಐತಲ್ಲ. ಊಟ ಆದ್ಮೇಲೆ ಪಕ್ಕಕ್ಕೆ ಕರ್ದು ಮೆತ್ತಗೆ ಕೇಳು.’

‘ಎಲ್ಲರ ಎದುರಿಗೇ ಕೇಳ್ಬೇಕು ಅಂತಿದೀನಿ.’

ಷಡಕ್ಷರಪ್ಪ ಪೆನ್ನು ಕೆಳಗಿಟ್ಟರು. ‘ನೋಡಮ್ಮ. ಎಮ್ಮೆಲ್ಲೆನ ಕೇಳು, ನೀರಿನ ಟ್ಯಾಂಕ್ ಕಟ್ಟಿದ ಕಂಟ್ರಾಕ್ಟರ್‌ನ ಕೇಳು, ನಾನೇ ಬೆನ್ನಿಗೆ ನಿಂತ್ಕೋತೀನಿ. ಆಟದ ಸಾಮಾನು ಮಾಡೋರ್ನ ಹಿಡ್ಕೊಂಡು ಜಗ್ಗಾಡಿದ್ರೆ ಜನ ನಗ್ತಾರೆ. ಅದೂ ಪಾಪ, ಕನ್ನಡದಲ್ಲಿ ಮಾಡವ್ರೆ.’

‘ಟ್ಯಾಂಕ್ ಸೋರಿದ್ರೆ ಟ್ಯಾಂಕ್ ಸರಿಯಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ ಸರ್. ಆಟ ಕೆಟ್ಟಿದ್ರೆ ಮಕ್ಕಳು ತಾವೇ ದಡ್ಡರು ಅನ್ಕೊತಾವೆ.’

ಅವರು ಹಣೆಯ ಮೇಲಿನ ಕನ್ನಡಕ ಇಳಿಸಿಕೊಂಡು ಅವಳ ಮುಖ ನೋಡಿದರು. ಮೂವತ್ತು ವರ್ಷ ಪತ್ರಿಕೆ ನಡೆಸಿದ ಮನುಷ್ಯ, ಅವಳು ಹೇಳದೆ ಬಿಟ್ಟದ್ದು ಅವರಿಗೆ ಅರ್ಥವಾಗಿತ್ತು.

‘ಮುಗಿಸಿದೀಯ ಅಂತ ನಾವು ಹಾಕಿದ್ವಲ್ಲಮ್ಮ?’

ಲತಾಮಣಿ ನೆಲ ನೋಡಿದಳು.

‘ಹಂಗಾದ್ರೆ ಎಲ್ಲರ ಎದುರಿಗೆ ಕೇಳಿದ್ರೆ ಮೊದ್ಲು ಹೋಗೋದು ನಿನ್ ಮಾನ. ಕಂಪನೀದಲ್ಲ. ಆಮೇಲೆ ನಿನ್ ಅಂಕಣ ಯಾರು ಓದ್ತಾರೆ? ಯೋಚ್ನೆ ಮಾಡ್ಕೊ.’ ಅಷ್ಟು ಹೇಳಿ ಮತ್ತೆ ಕರಡಿಗೆ ಬಗ್ಗಿದರು. ಬೇಡ ಎಂದು ಮಾತ್ರ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಜಾವಗಲ್ ಮೇಲೆ ಬೇಲೂರಿಗೆ ಹೋಗುವ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಯೋಚನೆ ಮಾಡಿದಳು. ಹಳೇಬೀಡು ಬರುವ ಹೊತ್ತಿಗೆ ಮೆತ್ತಗೆ ಕೇಳುವುದೇ ವಾಸಿ ಎನ್ನಿಸಿತು. ಬೇಲೂರಿನಲ್ಲಿ ಇಳಿದಾಗ ಆ ನಿರ್ಧಾರ ಗಟ್ಟಿಯಾಗಿತ್ತು. ತನ್ನ ಹೆಸರೂ ಉಳಿಯುತ್ತದೆ, ಮುದ್ದಮ್ಮನಿಗೆ ಉತ್ತರವೂ ಸಿಗುತ್ತದೆ, ಯಾರ ಊಟವೂ ಕೆಡುವುದಿಲ್ಲ. ಧೈರ್ಯ ಸಾಲದವರಿಗೆಲ್ಲ ಇಂಥ ಜಾಣ ಲೆಕ್ಕಾಚಾರ ಎಲ್ಲಿಂದಲೋ ಒದಗಿ ಬಂದುಬಿಡುತ್ತದೆ.

ಹೋಟೆಲಿನ ಸಭಾಂಗಣದಲ್ಲಿ ಲತಾಮಣಿಯೂ ಸೇರಿ ಐದು ಮಂದಿ ಪತ್ರಕರ್ತರಿದ್ದರು. ಪ್ರತಿಯೊಬ್ಬರ ಕುರ್ಚಿಯ ಮೇಲೂ ಒಂದು ಗೋಡೆ ಗಡಿಯಾರದ ಪೆಟ್ಟಿಗೆ, ಒಂದು ಫೈಲು. ಫೈಲಿನೊಳಗೆ ಒಂದು ಚೀಟಿ. ಚೀಟಿಯಲ್ಲಿ ಒಂದು ಪ್ರಶ್ನೆ! ಪತ್ರಕರ್ತರಿಗೆ ತೊಂದರೆಯಾಗಬಾರದೆಂದು ಪ್ರಶ್ನೆಗಳನ್ನೂ ಕಂಪನಿಯವರೇ ಅಚ್ಚು ಮಾಡಿಸಿ ತಂದಿದ್ದರು. ಲತಾಮಣಿಯ ಚೀಟಿಯಲ್ಲಿ ‘ಇಂಥ ಅಮೋಘ ಆಟ ರೂಪಿಸಲು ನಿಮಗೆ ಪ್ರೇರಣೆ ಏನು?’ ಎಂದಿತ್ತು.

ವೇದಿಕೆಯ ಮೇಲೆ ಕಂಪನಿಯ ಮಾಲೀಕ ಗುರುಮೂರ್ತಿ ಇದ್ದರು. ಕೆಟ್ಟ ಮನುಷ್ಯರೇನಲ್ಲ. ತಾವು ಮಾಡಿದ್ದರ ಮೇಲೆ ವಿಪರೀತ ಅಭಿಮಾನ, ಅಷ್ಟೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದವನು ಆಟವನ್ನು ಬರೆದ ದೇವರಾಜ್, ಇಲ್ಲೇ ಗೆಂಡೆಹಳ್ಳಿಯವನು. ಮುಂದಿನ ಸಾಲಿನಲ್ಲಿ ಬೇಲೂರು ಗುಡಿಯ ಹಳೆಯ ಗೈಡ್ ರಂಗಪ್ಪ. ಸ್ಥಳೀಯರಿಗೆ ಗೌರವ ಸಲ್ಲಿಸಬೇಕಲ್ಲ, ಹಾಗಾಗಿ ಅವರಿಗೊಂದು ಶಾಲು ಹೊದಿಸಿ ಕೂರಿಸಿದ್ದರು. ಸೆಕೆಗೆ ಅವರು ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದರು.

ಗುರುಮೂರ್ತಿ ಮಾತಾಡಿದರು. ಬರುವ ಸೋಮವಾರ ಜಿಲ್ಲೆಯ ಮುನ್ನೂರು ಶಾಲೆಗಳಿಗೆ ಈ ಸೀಡಿ ಹಂಚುತ್ತಿದ್ದೇವೆ ಎಂದರು. ಚಪ್ಪಾಳೆ ಬಿತ್ತು. ಲತಾಮಣಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಒಂದು ಶಾಲೆಗೆ ಒಬ್ಬಳು ಮುದ್ದಮ್ಮ ಎಂದರೂ ಮುನ್ನೂರು ಜನ. ಮುನ್ನೂರು ಜನ ಮೂಲೆಯಲ್ಲಿ ಕೂತು ಅಳುವ ಚಿತ್ರ ಕಣ್ಣಿಗೆ ಕಟ್ಟಿ, ಬಸ್ಸಿನಲ್ಲಿ ಮಾಡಿದ ನಿರ್ಧಾರ ಅಲ್ಲೇ ಕರಗಿಹೋಯಿತು.

ನಾಲ್ವರು ಪತ್ರಕರ್ತರು ಚೀಟಿ ನೋಡಿಕೊಂಡು ನಾಲ್ಕು ಪ್ರಶ್ನೆ ಓದಿದರು. ಗುರುಮೂರ್ತಿ ಬಾಯಿಪಾಠದ ನಾಲ್ಕು ಉತ್ತರ ಒಪ್ಪಿಸಿದರು. ಅಡುಗೆಮನೆಯಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಐದನೆಯವಳಾಗಿ ಲತಾಮಣಿ ಎದ್ದು ನಿಂತಳು.

‘ಸರ್, ಚೀಟೀಲಿರೋದು ಬಿಟ್ಟು ಬೇರೆ ಕೇಳ್ತೀನಿ. ಅದಕ್ಕಿಂತ ಮೊದ್ಲು ನಂದೊಂದು ತಪ್ಪು ಹೇಳ್ಕೋಬೇಕು. ನಾನು ಈ ಆಟ ಮುಗಿಸಿದೀನಿ ಅಂತ ನಮ್ಮ ಪೇಪರಲ್ಲಿ ಬಂತು. ನಾನು ಮುಗಿಸಿಲ್ಲ. ಆರನೇ ಬಾಗಿಲಿನ ಆಚೆ ಏನಿದೆ ಅಂತ ನಂಗೆ ಗೊತ್ತಿಲ್ಲ. ನಿಮ್ಮ ಹಾಳೇಲಿದ್ದ ಸಾಲನ್ನ ನಕಲು ಮಾಡಿದೆ.’

ಲತಾಮಣಿ ಚೀಟಿಯನ್ನು ಮಡಿಚಿ ಫೈಲಿನೊಳಗೆ ಹಾಕಿದಳು. ಹೇಳಿಬಿಟ್ಟ ಮೇಲೆ ಅವಳಿಗೇ ಆಶ್ಚರ್ಯವಾಯಿತು.

‘ಈಗ ನನ್ನ ಪ್ರಶ್ನೆ. ಈ ರೂಮಲ್ಲಿರೋರಲ್ಲಿ ಆರನೇ ಬಾಗಿಲು ತೆರೆದೋರು ಯಾರಾದ್ರೂ ಇದಾರಾ?’

ಹಾಸನದಿಂದ ಬಂದ ಪತ್ರಕರ್ತರೊಬ್ಬರು ತಮ್ಮ ಬೂಟು ನೋಡಿಕೊಂಡರು. ಅವರ ಪತ್ರಿಕೆಯಲ್ಲೂ ‘ಮೈ ನವಿರೇಳಿಸುತ್ತದೆ’ ಎಂದೇ ಬಂದಿತ್ತು. ಅವರ ಪಕ್ಕದವರು ಮಾತ್ರ ‘ನಾನು ಎರಡನೇ ಬಾಗಿಲಿಗೇ ಕೈಬಿಟ್ಟೆ ಕಣ್ರೀ’ ಎಂದು ಗೊಣಗಿದರು.

ಗುರುಮೂರ್ತಿ ನಕ್ಕರು. ‘ಮೇಡಂ, ಆಟ ಅಂದ್ಮೇಲೆ ಸ್ವಲ್ಪ ಕಷ್ಟ ಇರ್ಬೇಕು. ನಮ್ಮ ಹುಡುಗರು ಹತ್ತಾರು ಸಲ ಮುಗಿಸಿದಾರೆ. ಎಲ್ಲರ ಕೈಲೂ ಆಗಲ್ಲ.’

‘ಹಾಗಿದ್ರೆ ಒಂದು ಸಲ ಇಲ್ಲೇ ತೆರೆದು ತೋರಿಸಿ ಸರ್. ಬಾಣಾವರದಲ್ಲಿ ಒಬ್ಬಳು ಹುಡುಗಿ ಕಾಯ್ತಿದಾಳೆ.’

‘ಅದಕ್ಕೇನಂತೆ! ದೇವರಾಜ್, ತೋರ್ಸಪ್ಪಾ.’

ದೇವರಾಜ್ ಲ್ಯಾಪ್‌ಟಾಪಿನಲ್ಲಿ ಆಟ ತೆರೆದ. ಗೋಡೆಯ ಬಿಳಿ ಪರದೆಯ ಮೇಲೆ ಆರನೇ ಬಾಗಿಲು ಬಂತು. ಅವನು ಯಾವುದೋ ಒಂದು ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಏಳನೇ ಬಾಗಿಲಿನ ಚಿತ್ರ ಬಂದು ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು.

‘ನೀವು ಸುತ್ತು ಬರಲೇ ಇಲ್ವಲ್ಲ?’ ಎಂದಳು ಲತಾಮಣಿ. ‘ಯಾವ ಗುಂಡಿ ಒತ್ತಿದ್ರಿ?’

ದೇವರಾಜ್ ಮಾಲೀಕರ ಕಡೆ ನೋಡಿದ. ಆಮೇಲೆ ಅವಳ ಕಡೆ ನೋಡಿದ. ‘ಅದು... ಪರೀಕ್ಷೆ ಮಾಡುವಾಗ ಬೇಗ ಮುಂದಕ್ಕೆ ಹೋಗೋಕೆ ಅಂತ ಇಟ್ಕೊಂಡಿರೋ ಗುಂಡಿ ಮೇಡಂ.’

‘ಮಾರೋ ಸೀಡೀಲಿ ಅದು ಇದೆಯಾ?’

‘ಇಲ್ಲ. ತೆಗೆದುಹಾಕಿದೀವಿ.’

‘ಆ ಗುಂಡಿ ಒತ್ತದೆ, ಸುತ್ತು ಬಂದು, ಒಂದು ಸಲ ಆದ್ರೂ ಯಾರಾದ್ರೂ ತೆರೆದಿದೀರಾ?’

ಹುಡುಗ ಸುಳ್ಳು ಹೇಳುವ ಜಾಯಮಾನದವನಲ್ಲ. ‘ಇಲ್ಲ ಮೇಡಂ. ಎಲ್ಲರೂ ಇದನ್ನೇ ಒತ್ತುತಿದ್ವಿ.’

ಗುರುಮೂರ್ತಿಯ ನಗು ಅರ್ಧಕ್ಕೇ ನಿಂತಿತು. ‘ಸುತ್ತು ಬಾರಯ್ಯ ಈಗ,’ ಎಂದರು.

ಶಿಲ್ಪಿಯ ಮಗಳು ಗುಡಿಯನ್ನು ಬಲಕ್ಕಿಟ್ಟುಕೊಂಡು ನಡೆದಳು. ಒಂದು ಸುತ್ತು, ಎರಡು, ಮೂರು. ಬಾಗಿಲು ಮುಚ್ಚಿಕೊಂಡೇ ಇತ್ತು. ಇನ್ನೊಮ್ಮೆ ಸುತ್ತಿಸಿದ. ಆಗಲೂ ಅಷ್ಟೆ. ಗುರುಮೂರ್ತಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಲತಾಮಣಿಗೆ ಗೆದ್ದೆ ಎನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವಳಿಗೆ ಬೇಕಾದದ್ದು ತೆರೆದ ಬಾಗಿಲು.

ಆಗ ಮುಂದಿನ ಸಾಲಿನಿಂದ ಗೈಡ್ ರಂಗಪ್ಪ ಎದ್ದರು. ಶಾಲನ್ನು ಕುರ್ಚಿಯ ಮೇಲಿಟ್ಟು ಪರದೆಯ ಹತ್ತಿರಕ್ಕೇ ಹೋಗಿ ನಿಂತು, ಹುಬ್ಬಿನ ಮೇಲೆ ಕೈ ಇಟ್ಟುಕೊಂಡು ನೋಡಿದರು.

‘ಸ್ವಾಮಿ, ತಪ್ಪು ತಿಳ್ಕಾಬ್ಯಾಡಿ. ಇದು ನಮ್ಮ ಗುಡಿ ಅಂತೀರಲ್ಲ, ಗೋಪುರ ದಾಟಿ ಒಳೀಕೆ ಬಂದ್ರೆ ಕಪ್ಪೆ ಚೆನ್ನಿಗರಾಯನ ಸಣ್ಣ ಗುಡಿ ನಮ್ ಎಡಗಡೀಕಲ್ವಾ ಇರಾದು? ಇಲ್ಲಿ ಬಲಗಡೀಕೆ ಹೋಗಿ ಕೂತೈತೆ. ಬಲಗಡೆ ಇರಬೇಕಾದ ಕಲ್ಯಾಣಿ ಎಡಕ್ಕೆ ಬಂದೈತೆ. ಕನ್ನಡೀಲಿ ನೋಡ್ದಂಗೈತೆ ಕಣ್ರೀ ಇದು.’

ಗುರುಮೂರ್ತಿ ವೇದಿಕೆಯಿಂದ ಇಳಿದು ಬಂದರು. ‘ಮೊದಲೇ ಹೇಳ್ಬಾರ್ದಿತ್ತಾ ರಂಗಪ್ಪನೋರೇ?’

‘ನಂಗೆ ಶಾಲು ಹೊದ್ಸಿದ್ರಿ. ಆಟ ಯಾರು ತೋರ್ಸಿದ್ರಿ?’ ಎಂದರು ರಂಗಪ್ಪ.

ದೇವರಾಜ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ‘ಅಯ್ಯೋ. ಈ ಹಂತದ ಫೋಟೋಗಳನ್ನ ಕಂಪ್ಯೂಟರಿಗೆ ಹಾಕುವಾಗ ಫಿಲ್ಮನ್ನ ಹಿಂದುಮುಂದಾಗಿ ಇಟ್ಟುಬಿಟ್ಟಿದಾರೆ. ಎಡಬಲ ಅದಲುಬದಲಾಗಿದೆ. ಆದ್ರೆ ನಾನು ಸುತ್ತು ಎಣಿಸೋ ಲೆಕ್ಕ ಬರೆದಿದ್ದು ಗುಡಿಯ ನಿಜವಾದ ನಕ್ಷೆ ನೋಡ್ಕೊಂಡು. ಬಲಸುತ್ತು ಬಂದ್ರೆ ಮಾತ್ರ ತೆರೀಬೇಕು, ಎಡಸುತ್ತು ಬಂದ್ರೆ ತೆರೀಬಾರ್ದು ಅಂತ ಬರೆದಿದೀನಿ. ದೇವಸ್ಥಾನ ಅಲ್ವಾ ಅಂತ.’

‘ಅಂದ್ರೆ ಚಿತ್ರ ತಿರುಗಿರೋದ್ರಿಂದ,’ ಎಂದು ಲತಾಮಣಿ ನಿಧಾನವಾಗಿ ಹೇಳಿದಳು, ‘ನಾವು ಬಲಕ್ಕೆ ಸುತ್ತಿದ್ದನ್ನೆಲ್ಲ ಅದು ಎಡಸುತ್ತು ಅಂತ ಎಣಿಸ್ತಿದೆ. ತೆರೀಬೇಕು ಅಂದ್ರೆ ನಾವು ಎಡಕ್ಕೆ ಸುತ್ತಬೇಕು.’

ಜಿಲ್ಲೆಯಲ್ಲಿ ಈ ಸೀಡಿ ಹಾಕಿದವರೆಲ್ಲ, ದೊಡ್ಡವರು ಚಿಕ್ಕವರೆನ್ನದೆ, ಗುಡಿ ಕಂಡ ತಕ್ಷಣ ಬಲಸುತ್ತೇ ಹೊರಟಿದ್ದರು. ಎಡಸುತ್ತೂ ಬರಬಹುದೆಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಬೇರೆ ಊರಿನ, ಬೇರೆ ದೇಶದ ಯಾವನಾದರೂ ಆಡಿದ್ದರೆ ಎಡವಿ ಬಿದ್ದಾದರೂ ಎಡಸುತ್ತು ಬಂದು ಬಾಗಿಲು ತೆರೆದುಬಿಡುತ್ತಿದ್ದನೇನೋ. ಗುಡಿಗೆ ಹೋಗದ ಮನೆಯ ಲತಾಮಣಿಯ ಬೆರಳುಗಳೂ ಎರಡು ವಾರ ತಮ್ಮಷ್ಟಕ್ಕೆ ತಾವೇ ಬಲಕ್ಕೆ ಸುತ್ತಿದ್ದವು.

ದೇವರಾಜ್ ಬೆರಳೆತ್ತಿದವನು ಹಾಗೇ ನಿಂತ. ನೆರೆದವರ ಮುಂದೆ, ಅದೂ ಬೇಲೂರಿನಲ್ಲೇ ಕೂತು, ಚೆನ್ನಕೇಶವನಿಗೆ ಎಡಸುತ್ತು! ಲ್ಯಾಪ್‌ಟಾಪನ್ನು ಮೆಲ್ಲಗೆ ಲತಾಮಣಿಯ ಕಡೆ ತಳ್ಳಿದ. ‘ನೀವೇ ಮಾಡಿ ಮೇಡಂ.’

ಅವಳಿಗೂ ಒಂದು ಕ್ಷಣ ಅಳುಕಾಯಿತು. ತನ್ನಂಥವಳಿಗೆ ಅಳುಕೇಕೆ ಎಂದು ತನ್ನ ಮೇಲೆ ತನಗೇ ಸಿಟ್ಟೂ ಬಂತು. ರಂಗಪ್ಪನವರತ್ತ ನೋಡಿದಳು.

‘ಮಾಡವ್ವ,’ ಎಂದರು ಅವರು. ‘ಕನ್ನಡಿಯೊಳಗಿನ ಗುಡಿಗೆ ಕನ್ನಡಿ ನಡಿಗೇಲೇ ಹೋಗ್ಬೇಕು. ಏನಾರ ಆದ್ರೆ ನನ್ ತಲೆ ಮ್ಯಾಲಿರ್ಲಿ.’

ಶಿಲ್ಪಿಯ ಮಗಳು ಗುಡಿಯನ್ನು ಎಡಕ್ಕಿಟ್ಟುಕೊಂಡು ಹೊರಟಳು. ಒಂದು ಸುತ್ತು. ಎರಡನೆಯದಕ್ಕೆ ಉಳಿದ ನಾಲ್ವರು ಪತ್ರಕರ್ತರೂ ಎದ್ದು ನಿಂತಿದ್ದರು. ಮೂರನೆಯ ಸುತ್ತು ಮುಗಿದು ಹುಡುಗಿ ಬಾಗಿಲ ಮುಂದೆ ನಿಂತಾಗ, ಕಿರ್ರೆಂದು ಸದ್ದಾಗಿ, ಎರಡೂ ಕದ ಒಳಕ್ಕೆ ಸರಿದವು.

ಸಭಾಂಗಣ ಹೋ ಎಂದಿತು. ಲತಾಮಣಿ ಉಸಿರು ಬಿಟ್ಟಳು. ಅದು ಎರಡು ವಾರದಿಂದ ಹಿಡಿದಿಟ್ಟುಕೊಂಡಿದ್ದ ಉಸಿರು. ತಾನು ಪೆದ್ದಿಯಲ್ಲ, ಮುದ್ದಮ್ಮನೂ ದಡ್ಡಿಯಲ್ಲ. ಅವಳಿಗೆ ನಗು ಬಂತು, ನಗುವಿನ ಜೊತೆಗೆ ಕಣ್ಣೀರೂ ಬಂತು. ರಂಗಪ್ಪ ತಮ್ಮ ಶಾಲಿನ ಅಂಚನ್ನೇ ಮುಂದೆ ಹಿಡಿದರು. ಆ ಗಲಾಟೆಯಲ್ಲಿ ಬಾಗಿಲಿನಾಚೆ ಏನಿದೆ ಎಂದು ಯಾರೂ ನೋಡಲಿಲ್ಲ. ಅಷ್ಟರಲ್ಲಿ ಎಲೆ ಹಾಕಿದ್ದಾರೆಂದು ಕರೆ ಬಂತು.

ಗುರುಮೂರ್ತಿ ಊಟಕ್ಕೆ ಹೋಗಲಿಲ್ಲ. ಮೊದಲು ಬೆಂಗಳೂರಿಗೆ ಫೋನು ಮಾಡಿ ಸೋಮವಾರದ ಹಂಚಿಕೆ ನಿಲ್ಲಿಸಿದರು. ಚಿತ್ರ ಸರಿ ಮಾಡಿ ಹೊಸ ಸೀಡಿ ತರುವುದೆಂದಾಯಿತು. ಒಂದು ಲೋಟ ನೀರು ಗಟಗಟ ಕುಡಿದು ಲತಾಮಣಿಯ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಿತ್ತು.

‘ಮುನ್ನೂರು ಶಾಲೇಲಿ ಮುಚ್ಚಿದ ಬಾಗಿಲು ಮೇಡಂ! ಮುನ್ನೂರು ಹೆಡ್‌ಮಾಸ್ಟರ್‌ಗಳ ಫೋನು! ಇವತ್ತು ಕೇಳಿದ್ರಿ, ಬದುಕಿದೆ. ಸೋಮವಾರ ಕಳೆದ ಮೇಲೆ ಕೇಳಿದ್ರೆ ನನ್ನ ಗತಿ ಏನಾಗ್ತಿತ್ತು?’ ಮತ್ತೆ ದನಿ ತಗ್ಗಿಸಿ ಹೇಳಿದರು, ‘ಆದ್ರೂ ಪಕ್ಕಕ್ಕೆ ಕರೆದು ಕೇಳ್ಬಹುದಿತ್ತಲ್ಲ?’

‘ಪಕ್ಕಕ್ಕೆ ಕರೆದು ಕೇಳಿದ್ರೆ ನಮ್ಮ ಹುಡುಗರು ಹತ್ತಾರು ಸಲ ಮುಗಿಸಿದಾರೆ ಅಂತಿದ್ರಿ ಸರ್. ನಾನೂ ನಂಬ್ಕೊಂಡು ಊಟ ಮಾಡಿ ಹೋಗ್ತಿದ್ದೆ.’

ಗುರುಮೂರ್ತಿ ‘ಅದೂ ನಿಜವೇ,’ ಎಂದರು. ‘ಬನ್ನಿ, ಈಗಲಾದ್ರೂ ಊಟ ಮಾಡಿ.’

ಅವಳು ಚೆನ್ನಾಗಿಯೇ ಊಟ ಮಾಡಿದಳು. ಎರಡು ಸಲ ಪಾಯಸ ಹಾಕಿಸಿಕೊಂಡಳು. ವಾಪಸು ಬಸ್ಸಿನಲ್ಲಿ ಹಳೇಬೀಡು ದಾಟಿದ ಮೇಲೆ ಗೋಡೆ ಗಡಿಯಾರವನ್ನು ಸಭಾಂಗಣದಲ್ಲೇ ಬಿಟ್ಟು ಬಂದದ್ದು ನೆನಪಾಯಿತು. ಬೇಕೆಂದು ಬಿಟ್ಟದ್ದಲ್ಲ, ಮರೆತದ್ದು. ಮರೆತದ್ದಕ್ಕೆ ಬೇಸರವೇನೂ ಆಗಲಿಲ್ಲ. ಕಿಟಕಿಗೆ ತಲೆ ಆನಿಸಿ ಜಾವಗಲ್ಲಿನವರೆಗೂ ನಿದ್ದೆ ಹೋದಳು.

ಸಂಜೆ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಷಡಕ್ಷರಪ್ಪನವರಿಗೆ ಹೇಳಿದಳು. ಅವರು ಬೈಯುತ್ತಾರೆಂದು ಕಾದಳು. ಅವರು ಕನ್ನಡಕ ಒರೆಸಿದರು. ‘ಭಾನುವಾರ ಎಲ್ಲಾ ಬರಿ. ನೀನು ಮುಗ್ಸಿರಲಿಲ್ಲ ಅನ್ನೋದನ್ನ ಮೊದಲನೇ ಸಾಲಲ್ಲೇ ಬರಿ. ಮೇಲಿನ ಆ ಸಾಲು ಸೇರ್ಸಿದ್ದು ನಾನು, ಅದನ್ನೂ ಬರಿ.’

‘ಸರ್, ಬೆಳಿಗ್ಗೆ ಬಾಣಾವರಕ್ಕೆ ಹೋಗ್ಬರ್ಲಾ? ಪೇಪರಲ್ಲಿ ಓದೋಕಿಂತ ಮೊದ್ಲು ಆ ಹುಡುಗಿಗೆ ನಾನೇ ಹೇಳ್ಬೇಕು.’

‘ಹೋಗ್ಬಾ. ರಜೆ ಅಲ್ಲ, ಡ್ಯೂಟಿ ಅಂತ ಬರ್ಕೋತೀನಿ.’

ಮಾರನೆಯ ದಿನ ಪ್ಯಾಸೆಂಜರ್ ರೈಲು ಹತ್ತಿ ಬಾಣಾವರದಲ್ಲಿ ಇಳಿದಳು. ಶಾಲೆಯ ಕಂಪ್ಯೂಟರ್ ಕೋಣೆ ಎಂದರೆ ಹಿಂದೆ ಆಟದ ಸಾಮಾನು ಇಡುತ್ತಿದ್ದ ಕೋಣೆ. ಎರಡು ಕಂಪ್ಯೂಟರು, ಮೂಲೆಯಲ್ಲಿ ಗಾಳಿ ಹೋದ ವಾಲಿಬಾಲು. ಕಿಟಕಿಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳು ಸಾಲುಸಾಲಾಗಿದ್ದವು. ಮಂಜುಶ್ರೀ ಟೀಚರ್ ಮುದ್ದಮ್ಮನನ್ನು ಕರೆದುಕೊಂಡು ಬಂದರು. ಎರಡು ಜಡೆ, ಸಣ್ಣ ಮುಖ. ಬಾಗಿಲ ಹತ್ತಿರವೇ ನಿಂತಳು, ಒಳಗೆ ಬರಲಿಲ್ಲ.

‘ಇವರೇ ಕಣೇ ಪೇಪರಿನ ಅಕ್ಕ,’ ಎಂದರು ಟೀಚರ್.

ಮುದ್ದಮ್ಮ ತಲೆ ಎತ್ತಲಿಲ್ಲ. ಲತಾಮಣಿ ಅವಳೆದುರಿನ ಬೆಂಚಿನ ಮೇಲೆ ಕೂತಳು. ದಾರಿಯಲ್ಲಿ ನಾಲ್ಕಾರು ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಿಗೆ ಬರಲಿಲ್ಲ.

‘ಮುದ್ದಮ್ಮ, ನಾನು ಆರನೇ ಬಾಗಿಲು ತೆರೆದಿರಲಿಲ್ಲ ಕಣೇ. ಸುಳ್ಳು ಬರೆದಿದ್ದೆ.’

ಹುಡುಗಿ ಈಗ ತಲೆ ಎತ್ತಿದಳು. ‘ನೀವೂ ತೆಗೆದಿರ್ಲಿಲ್ವಾ?’

‘ಇಲ್ಲ. ಯಾರೂ ತೆರೆದಿರಲಿಲ್ಲ. ಆಟ ಮಾಡಿದೋರೂ ತೆರೆದಿರಲಿಲ್ಲ. ನಿನ್ನದೇನೂ ತಪ್ಪಿರಲಿಲ್ಲ. ಆಟವೇ ಕೆಟ್ಟಿತ್ತು.’

ಮುದ್ದಮ್ಮ ಗೋಡೆಯ ಮೇಲಿನ ತನ್ನ ನೂರಾ ಎಂಟು ಗೆರೆಗಳನ್ನು ನೋಡಿದಳು. ಟೀಚರನ್ನು ನೋಡಿದಳು. ಆಮೇಲೆ ಮೆಲ್ಲಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಎಡಕ್ಕೆ ಸುತ್ತಬೇಕೆಂದು ಲತಾಮಣಿ ಹೇಳಿದಾಗ ಬೆಚ್ಚಿ, ‘ಹಂಗೆ ಸುತ್ತಬಾರ್ದಲ್ವಾ ಅಕ್ಕ?’ ಎಂದಳು. ರಂಗಪ್ಪನವರ ಕನ್ನಡಿಯ ಮಾತು ಕೇಳಿದ ಮೇಲೆ ಒಪ್ಪಿಕೊಂಡಳು. ಸೀಮೆಸುಣ್ಣ ತೆಗೆದುಕೊಂಡು ಹೊಸದಾಗಿ ಮೂರು ಗೆರೆ ಹಾಕಿದಳು. ಮೂರನೆಯ ಗೆರೆಗೆ ಬಾಗಿಲು ಕಿರ್ರೆಂದಿತು.

‘ತೆಗೀತು! ಟೀಚರ್, ತೆಗೀತು! ನಂಗೆ ಬುದ್ಧಿ ಐತೆ ಟೀಚರ್!’

ಮಂಜುಶ್ರೀ ಟೀಚರ್ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಲತಾಮಣಿಯ ಎದೆಯ ಮೇಲಿದ್ದ ಕೊನೆಯ ಭಾರವೂ ಇಳಿಯಿತು.

ಶಿಲ್ಪಿಯ ಮಗಳು ಬಾಗಿಲು ದಾಟಿ ಒಳಗೆ ಹೋದಳು. ಒಳಗೊಂದು ಸಣ್ಣ ಕೋಣೆ. ಒಂದು ದೀಪ, ಒಂದು ಕಲ್ಲು, ಹತ್ತು ಸೆಕೆಂಡಿನ ವೀಣೆಯ ಸದ್ದು. ದೀಪ ಆರಿತು. ಆ ದೃಶ್ಯ ಅಲ್ಲಿಗೇ ಮುಗಿದು ಏಳನೇ ಬಾಗಿಲು ಕಾಣಿಸಿತು.

‘ಇಷ್ಟೇನಾ?’ ಎಂದಳು ಮುದ್ದಮ್ಮ. ಲತಾಮಣಿಯೂ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ‘ಅಕ್ಕ, ಮೈ ನವಿರೇಳುತ್ತೆ ಅಂತ ಬರ್ದಿದ್ರಲ್ಲ. ನಂಗೇನೂ ಏಳ್ಲಿಲ್ಲ.’

‘ಏಯ್, ಹಂಗೆಲ್ಲ ಅನ್ಬಾರ್ದು ಕಣೇ,’ ಎಂದರು ಟೀಚರ್.

‘ಅನ್ಲಿ ಬಿಡಿ ಟೀಚರ್. ನಂಗೂ ಏಳ್ಲಿಲ್ಲ,’ ಎಂದು ಲತಾಮಣಿ ಚೀಲದಿಂದ ನೋಟ್‌ಬುಕ್ಕು, ಪೆನ್ನು ತೆಗೆದಳು. ‘ಈ ಸಲ ನೋಡಿದ್ದನ್ನೇ ಬರೀತೀನಿ. ಹೇಳು ಮುದ್ದಮ್ಮ, ಈ ಆಟದಲ್ಲಿ ಇನ್ನೇನೇನು ಚೆನ್ನಾಗಿಲ್ಲ?’

ಮುದ್ದಮ್ಮ ಬೆನ್ನು ನೆಟ್ಟಗೆ ಮಾಡಿ ಕೂತು, ಒಂದೊಂದೇ ಬೆರಳು ಮಡಚುತ್ತಾ ಹೇಳತೊಡಗಿದಳು. ಐದು ಬೆರಳು ಮುಗಿದವು. ಆರನೆಯದಕ್ಕೆ ಇನ್ನೊಂದು ಕೈ ಎತ್ತಿದಳು.